ನಾಲ್ಕನೇ ಸಾಲಿನ ಮೆತ್ತೆ ಕುರ್ಚಿ

ರೋಗಿಯನ್ನು ಮನೆಯಲ್ಲೇ ಬಿಟ್ಟು, ರೋಗಿಯ ಮನೆಯವರನ್ನೆಲ್ಲ ಆಸ್ಪತ್ರೆಗೆ ತಂದು ಮುಟ್ಟಿಸಿದ ಡ್ರೈವರ್ ನಾನು. ಈಗ ಆಂಬುಲೆನ್ಸ್ ಓಡಿಸುವ ಹುಡುಗರು ಬಂದು "ನಿಮ್ಮ ಕಾಲದಲ್ಲಿ ಹೇಗಿತ್ತು, ಹೇಳಿ" ಎಂದು ಕೇಳಿದಾಗ ಮೊದಲು ಇದನ್ನೇ ಹೇಳುತ್ತೇನೆ. ನಗುತ್ತಾರೆ. ಒಮ್ಮೆ ನಕ್ಕ ಮೇಲೆ ಉಳಿದದ್ದನ್ನು ಕೇಳುವ ತಾಳ್ಮೆ ಬರುತ್ತದೆ.

ಅದು ಕಡಬದಿಂದ ಒಳಗೆ ಒಂದು ಮನೆಯಲ್ಲಿ ಆದದ್ದು. ಅಜ್ಜರಿಗೆ ವಿಪರೀತ ಜ್ವರ, ಬೇಗ ಬನ್ನಿ ಎಂದು ಅಂಗಡಿಯ ಫೋನಿನಿಂದ ಕರೆ ಬಂತು. ನಾನು ಜೀಪು ತೆಗೆದುಕೊಂಡು ಹೋದೆ. ಅಂಗಳದಲ್ಲಿ ನಿಲ್ಲಿಸಿದ್ದೇ ತಡ, ಅಜ್ಜಿ ಹತ್ತಿದರು, ಮಗ ಹತ್ತಿದ, ಸೊಸೆ ಚೀಲ ಹಿಡಿದು ಹತ್ತಿದಳು, ನೆರೆಮನೆಯವರು ಧೈರ್ಯ ಹೇಳಲು ಹತ್ತಿದರು. ಎಲ್ಲರೂ ಅಳುತ್ತಿದ್ದರು. ಅಳು ಕೇಳಿದರೆ ನನ್ನ ಕಾಲು ತಾನಾಗಿ ಆಕ್ಸಲರೇಟರ್ ಒತ್ತುತ್ತಿದ್ದ ಕಾಲ ಅದು. ಪುತ್ತೂರಿಗೆ ಮುಟ್ಟಿಸಿ ಆಸ್ಪತ್ರೆಯ ಮೆಟ್ಟಿಲ ಎದುರು ಬ್ರೇಕ್ ಹಾಕಿದೆ. ನಮ್ಮ ದೊಡ್ಡ ಡಾಕ್ಟ್ರು ಹೊರಗೆ ಬಂದು ಒಬ್ಬೊಬ್ಬರ ಮುಖ ನೋಡಿದರು.

"ಪೇಷೆಂಟ್ ಯಾರು?"

ಅಜ್ಜಿ ಜೀಪಿನ ಒಳಗೆ ಬಗ್ಗಿ ಹುಡುಕಿದರು.

"ಅಳುವವರಲ್ಲಿ ಯಾರಿಗೆ ಜ್ವರ ಮಾರಾಯ?" ಎಂದು ನನ್ನನ್ನೇ ಕೇಳಿದರು.

ಅಜ್ಜರು, ಡಾಕ್ಟ್ರ ಹತ್ತಿರ ಹೋಗುವಾಗ ಕೊಳಕು ಕಾಲಿನಲ್ಲಿ ಹೋಗಬಾರದು ಎಂದು ಕಾಲು ತೊಳೆಯಲು ಮನೆಯ ಹಿಂದೆ ಹೋಗಿದ್ದರಂತೆ. ನಾನು ತಿರುಗಿ ಹೋದಾಗ ಶುಭ್ರ ಅಂಗಿ ಹಾಕಿ, ಕಂಬಳಿ ಹೊದ್ದು ಮೆಟ್ಟಿಲಲ್ಲಿ ಕೂತಿದ್ದರು. "ಬಂದ್ರಾ? ನಾನು ಇನ್ನು ಬಸ್ಸಿಗೆ ಹೋಗುದಾ ಅಂತ ನೋಡ್ತಾ ಇದ್ದೆ" ಎಂದರು. ಬದುಕಿದರು, ಪುಣ್ಯ. ಆಮೇಲೆ ಕೆಲಸ ಬಿಡುವವರೆಗೂ ರೋಗಿಯ ಮೈ ಮುಟ್ಟಿ ನೋಡದೆ ನಾನು ಗಾಡಿ ಸ್ಟಾರ್ಟ್ ಮಾಡಿದ್ದಿಲ್ಲ. ಹೊಸಬರಿಗೆ ನನ್ನ ಮೊದಲ ಬುದ್ಧಿಮಾತು ಇದು: ಅಳು ಎಲ್ಲಿಂದ ಬರುತ್ತದೆ ಎಂದು ನೋಡಬೇಡಿ, ಜ್ವರ ಎಲ್ಲಿ ಉಂಟು ಎಂದು ನೋಡಿ.

ನನ್ನ ಹೆಸರು ಪದ್ಮಯ್ಯ. ಸುಳ್ಯದ ಕಡೆಯವನು. ಮನೆಯಲ್ಲಿ ಅರೆಭಾಷೆ, ಹೊರಗೆ ತುಳು, ಆಸ್ಪತ್ರೆಯಲ್ಲಿ ಕನ್ನಡ. ಶಾಲೆಗೆ ಹೋದದ್ದು ಐದನೇ ಕ್ಲಾಸಿನವರೆಗೆ. ಅಪ್ಪ ತೀರಿಕೊಂಡ ಮೇಲೆ ಲಾರಿ ಕ್ಲೀನರ್ ಆಗಿ, ಡ್ರೈವರ್ ಆಗಿ, ಎಪ್ಪತ್ತರ ದಶಕದ ಆರಂಭದಲ್ಲಿ ಪುತ್ತೂರಿನ ಒಂದು ಟ್ರಸ್ಟಿನ ಆಸ್ಪತ್ರೆಗೆ ಸೇರಿದೆ. ಆ ಆಸ್ಪತ್ರೆ ಈಗ ಇಲ್ಲ, ಹೆಸರು ಹೇಳಿ ಪ್ರಯೋಜನವೂ ಇಲ್ಲ. ಪುತ್ತೂರಿನಲ್ಲಿ ಆಸ್ಪತ್ರೆ, ಸುಳ್ಯದಲ್ಲಿ ಮತ್ತು ಕಡಬದಲ್ಲಿ ವಾರಕ್ಕೊಮ್ಮೆ ಕ್ಲಿನಿಕ್. ಗಾಡಿ ಒಂದೇ. ಅದೇ ಆಂಬುಲೆನ್ಸ್, ಅದೇ ಡಾಕ್ಟ್ರ ಸವಾರಿ, ಅದೇ ಔಷಧದ ಪೆಟ್ಟಿಗೆ ಸಾಗಿಸುವ ಗಾಡಿ. ಮಳೆಗಾಲದಲ್ಲಿ ಬೆಳಿಗ್ಗೆ ಹ್ಯಾಂಡಲ್ ಹಾಕಿ ತಿರುಗಿಸಿದರೆ ಮಾತ್ರ ಸ್ಟಾರ್ಟ್. ಹಾಗೆ ತಿರುಗಿಸಿ ತಿರುಗಿಸಿ ನನ್ನ ಬಲಗೈ ಎಡಗೈಗಿಂತ ದಪ್ಪ ಆಗಿದೆ. ಅಂಗಿ ಹೊಲಿಯುವ ದರ್ಜಿ ಈಗಲೂ ತಮಾಷೆ ಮಾಡುತ್ತಾನೆ.

ದೊಡ್ಡ ಡಾಕ್ಟ್ರ ಬಗ್ಗೆ ಒಂದು ಮಾತು ಹೇಳಬೇಕು. ಅವರಿಗೆ ಹಾರ್ನ್ ಆಗುತ್ತಿರಲಿಲ್ಲ. ಒಮ್ಮೆ ಮಾಣಿ ಕಡೆಯಿಂದ ಹಾರ್ನ್ ಹೊಡೆಯುತ್ತಾ ಒಬ್ಬ ಹೆಂಗಸನ್ನು ತಂದೆ. ಅವರು ಆಕೆಯ ನಾಡಿ ನೋಡಿ, ಮತ್ತೆ ನನ್ನ ಹತ್ತಿರ ಬಂದು, "ಪದ್ಮಯ್ಯ, ಹಾರ್ನ್ ಎದುರು ಬರುವ ಬಸ್ಸಿಗೆ ಮಾತ್ರ ಕೇಳುದಾ? ಒಳಗೆ ಮಲಗಿದವರಿಗೂ ಕೇಳ್ತದೆ. ನೀವು ಸಾಯುವ ಹಾಗೆ ಆಗಿದ್ದೀರಿ ಅಂತ ಅವರಿಗೆ ನೀನೇ ಹೇಳಿಕೊಂಡು ಬಂದ ಹಾಗೆ" ಎಂದರು. ಬೈದದ್ದಲ್ಲ, ಹೇಳಿದ್ದು. ಆದರೆ ಆ ದಿನದಿಂದ ಹಾರ್ನಿನ ಬದಲು ನಾನು ರೋಗಿಯ ಹತ್ತಿರ ಮಾತಾಡಲು ಕಲಿತೆ. ಮಕ್ಕಳೆಷ್ಟು, ದನ ಹಾಲು ಕೊಡ್ತದಾ, ಈ ತಿರುವಿನಲ್ಲಿ ಮೊನ್ನೆ ಹಂದಿ ಅಡ್ಡ ಬಂತು, ಹೀಗೆ.

ಮಾತು ಕೂಡ ಕೆಲವೊಮ್ಮೆ ಸಾಕಾಗುತ್ತಿರಲಿಲ್ಲ. ನೆಟ್ಟಣದ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಒಳಗೆ ದಿನ ತುಂಬಿದ ಹೆಂಗಸು, ಜೊತೆಗೆ ಅವಳ ಅತ್ತೆ. ಗೂಡ್ಸ್ ಗಾಡಿ ಬರುವ ಸುದ್ದಿಯೇ ಇಲ್ಲ. ಗೇಟಿನವನ ಹತ್ತಿರ ಓಡಿದೆ.

"ಒಮ್ಮೆ ತೆಗಿ ಮಾರಾಯ, ಹೆರಿಗೆ ಕೇಸು."

"ನನಗೂ ತೆಗೀಬೇಕು ಅಂತ ಉಂಟು. ಆದರೆ ರೈಲಿಗೆ ಹೇಳುದು ಯಾರು?"

ನಾವು ಜಗಳ ಮಾಡುತ್ತಿರುವಾಗಲೇ ಹಿಂದಿನಿಂದ ಮಗು ಅತ್ತಿತು. ಅತ್ತೆ ಜೀಪಿನ ಪರದೆ ಸರಿಸಿ ತಲೆ ಹೊರಗೆ ಹಾಕಿ, "ನಿಮ್ಮಿಬ್ಬರ ಗಲಾಟೆ ಮುಗೀತಾ? ಇಲ್ಲಿ ಮುಗೀತು. ಬಿಸಿನೀರು ಎಲ್ಲಿ ಸಿಕ್ತದೆ?" ಎಂದರು. ಗೇಟಿನವನು ತನ್ನ ಚಹಾಕ್ಕೆ ಇಟ್ಟ ನೀರನ್ನು ತಂದು ಕೊಟ್ಟ. ಆಮೇಲೆ ರೈಲು ಬಂದು ಹೋಯಿತು, ಯಾರೂ ಅದನ್ನು ನೋಡಲೂ ಇಲ್ಲ.

ಕೆಲಸದ ರೀತಿ ನನ್ನ ಕಣ್ಣೆದುರೇ ಬದಲಾಯಿತು. ಮೊದಲು ಕಡಬದ ಕ್ಲಿನಿಕ್ಕಿಗೆ ಹೋಗುವಾಗ ಸೀಮೆಎಣ್ಣೆ ಸ್ಟವ್ ಕೂಡ ಜೀಪಿನಲ್ಲಿ ಬರುತ್ತಿತ್ತು. ಗಾಜಿನ ಸಿರಿಂಜನ್ನು ನೀರಲ್ಲಿ ಕುದಿಸಿ, ಅದೇ ಸೂಜಿಯಿಂದ ಒಬ್ಬರಾದ ಮೇಲೆ ಒಬ್ಬರಿಗೆ ಚುಚ್ಚುವುದು. ಸ್ಟವ್ ಪಂಪ್ ಮಾಡುವುದು ನನ್ನ ಕೆಲಸ. ಎಂಬತ್ತರ ಕೊನೆಗೆ ಒಮ್ಮೆ ಚುಚ್ಚಿ ಬಿಸಾಡುವ ಸಿರಿಂಜು ಬರತೊಡಗಿತು. ಹೊಸ ಸಿರಿಂಜಿನ ಕಾಗದ ಹರಿಯುವಾಗ ಜನರು, "ಇದು ಕುದಿಸಿದ್ದಲ್ಲ, ಬೇಡ" ಎಂದು ಕೈ ಹಿಂದೆ ಎಳೆದುಕೊಳ್ಳುತ್ತಿದ್ದರು. ಹಬೆ ಕಾಣದೆ ಅವರಿಗೆ ನಂಬಿಕೆ ಬರುತ್ತಿರಲಿಲ್ಲ.

ಗಾಡಿ ನಿಂತಿದ್ದಾಗ ಡ್ರೈವರನನ್ನು ಯಾರೂ ಸುಮ್ಮನೆ ಕೂರಲು ಬಿಡುವುದಿಲ್ಲ. ಇದನ್ನೂ ಹೊಸಬರು ತಿಳಿದಿರಬೇಕು. ಕುರ್ಚಿ ಸಾಗಿಸು, ಚಹಾ ತಾ, ಈ ಫೈಲು ಆ ಕೋಣೆಗೆ ಕೊಡು. ನನ್ನಿಂದ ಆದ ದೊಡ್ಡ ತಪ್ಪು ಸ್ಟೇರಿಂಗ್ ಹಿಡಿದಾಗ ಆದದ್ದಲ್ಲ. ಹೀಗೆ ಕುರ್ಚಿ, ಫೈಲು ಸಾಗಿಸುವಾಗ ಆದದ್ದು. ಅದನ್ನು ಬರೆಯದೆ ಉಳಿದದ್ದೆಲ್ಲ ಬರೆದರೆ ನಾನು ನನ್ನನ್ನೇ ಒಳ್ಳೆಯ ಮನುಷ್ಯ ಎಂದು ಹೊಗಳಿಕೊಂಡ ಹಾಗೆ ಆಗುತ್ತದೆ.

ನನಗೆ ಒಬ್ಬನೇ ತಮ್ಮ, ವಸಂತ. ನನಗಿಂತ ತುಂಬಾ ಚಿಕ್ಕವನು. ನಾನು ಕಲಿಯದೆ ಬಿಟ್ಟದ್ದನ್ನೆಲ್ಲ ಅವನು ಕಲಿತ. ರಷ್ಯಾ ಸರಕಾರದ ವಿದ್ಯಾರ್ಥಿವೇತನ ಸಿಕ್ಕಿ ಡಾಕ್ಟ್ರ ಓದಿಗೆ ಅಲ್ಲಿಗೆ ಹೋದ. ಮೊದಲ ಒಂದು ವರ್ಷ ಭಾಷೆ ಕಲಿಯಲಿಕ್ಕೇ ಆಯಿತಂತೆ. ಎಂಬತ್ತರ ಆಚೆಈಚೆ ತಿರುಗಿ ಬಂದಾಗ ಅವನ ಹೆಸರಿನ ಮುಂದೆ ಎಂ.ಡಿ. ಎಂದು ಇತ್ತು. ನಮ್ಮ ದೊಡ್ಡ ಡಾಕ್ಟ್ರ ಹೆಸರಿನ ಮುಂದೆ ಇದ್ದದ್ದೂ ಅದೇ. ನಾನು ಸುಳ್ಯದ ಪೇಟೆಯಲ್ಲಿ ಕಂಡ ಕಂಡವರಿಗೆಲ್ಲ, "ನನ್ನ ತಮ್ಮ ಬಂದಿಳಿಯುವಾಗಲೇ ನಮ್ಮ ದೊಡ್ಡ ಡಾಕ್ಟ್ರಷ್ಟು ಆಗಿದ್ದಾನೆ" ಎಂದು ಹೇಳಿ ಮುಗಿಸಿದ್ದೆ.

ದೊಡ್ಡ ಡಾಕ್ಟ್ರಿಗೂ ಅದನ್ನೇ ಹೇಳಿದೆ. ಅವರು ನಕ್ಕರು. "ಅಲ್ಲಿ ಓದು ಮುಗಿಸಿದವರಿಗೆಲ್ಲ ಆ ಹೆಸರು ಕೊಡ್ತಾರೆ ಪದ್ಮಯ್ಯ. ಇಲ್ಲಿ ಅದು ಎಂ.ಬಿ.ಬಿ.ಎಸ್.ಗೆ ಸಮ. ಇಲ್ಲಿ ಒಂದು ವರ್ಷ ಯಾವುದಾದರೂ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆಗಿ ಕೆಲಸ ಕಲೀಬೇಕು. ಆಮೇಲೆ ರಿಜಿಸ್ಟ್ರೇಶನ್. ಅಲ್ಲಿವರೆಗೆ ಅವನು ಒಂದು ಮಾತ್ರೆ ಬರೆದು ಕೊಟ್ಟರೂ ತಪ್ಪು."

ಪೇಟೆಗೆ ಹೋಗಿ ಹೇಳಿದ್ದನ್ನೆಲ್ಲ ಹಿಂದೆ ತೆಗೆದುಕೊಳ್ಳಲು ಆಗುತ್ತದಾ? ನಮ್ಮ ಆಸ್ಪತ್ರೆಯಲ್ಲೇ ಆಗ ಹೌಸ್ ಸರ್ಜನರನ್ನು ತೆಗೆದುಕೊಳ್ಳುತ್ತಿದ್ದರು. ವಸಂತ ಅರ್ಜಿ ಹಾಕಿದ. ಆ ಅರ್ಜಿಗಳನ್ನು ವಿಂಗಡಿಸುತ್ತಿದ್ದವರು ಆಫೀಸಿನ ಗುಮಾಸ್ತ ದೇಜಪ್ಪಣ್ಣ. ಪೆರಾಬೆಯವರು. ತೆಳ್ಳಗೆ, ಕಿವಿಯಲ್ಲಿ ಪೆನ್ಸಿಲ್, ಬಾಯಲ್ಲಿ ಯಾವಾಗಲೂ ಒಂದು ತಮಾಷೆ.

"ನೋಡು ಪದ್ಮಯ್ಯ," ಎಂದು ಅವರು ನನಗೆ ವಿವರಿಸಿದರು, "ನಾನು ಎರಡೇ ಪ್ರಶ್ನೆ ಕೇಳುದು. ಹುಟ್ಟಿದ್ದು ಎಲ್ಲಿ, ಕಲಿತದ್ದು ಎಲ್ಲಿ. ನಮ್ಮವರು, ನಮ್ಮ ರಾಜ್ಯದಲ್ಲೇ ಕಲಿತವರು ಮೊದಲನೇ ಸಾಲು. ನಮ್ಮವರು, ಬೇರೆ ರಾಜ್ಯದಲ್ಲಿ ಕಲಿತವರು ಎರಡನೇ ಸಾಲು. ನಮ್ಮವರು, ಹೊರದೇಶದಲ್ಲಿ ಕಲಿತವರು ಮೂರನೇ ಸಾಲು. ಹೊರದೇಶದವರೇ ಆದರೆ ನಾಲ್ಕನೇದು."

"ಹಾಗಾದ್ರೆ ನನ್ನ ತಮ್ಮ?"

"ಮೂರನೇದು. ಮೂರನೇ ಸಾಲಿಗೆ ಒಂದೇ ಸೀಟು. ಅರ್ಜಿ ಬಂದದ್ದೂ ಇಬ್ಬರದ್ದೇ. ನಿನ್ನ ತಮ್ಮನ ಅಂಕ ಒಳ್ಳೇದುಂಟು, ಹೆದರಬೇಡ."

"ನಾಲ್ಕನೇ ಸಾಲಿನಲ್ಲಿ ಯಾರು?"

"ಮಲೇಷ್ಯಾದ ಹುಡುಗರು. ಇಲ್ಲೇ ಕರಾವಳಿಯಲ್ಲಿ ಕಲಿತವರು. ಅವರಿಗೆ ಬೇರೆ ಮೇಜು, ಬೇರೆ ಡಾಕ್ಟ್ರು."

ಅದರಲ್ಲಿ ಒಬ್ಬನನ್ನು ನಾನು ನೋಡಿದ್ದೆ. ನಮ್ಮ ಕ್ಯಾಂಟೀನಿನಲ್ಲಿ ತುಳುವಿನಲ್ಲಿ ನೀರುದೋಸೆ ಕೇಳಿ ತಿನ್ನುತ್ತಿದ್ದ. ಅವನು ವಿದೇಶಿ. ಅಷ್ಟು ವರ್ಷ ಹಿಮದಲ್ಲಿ ಇದ್ದು ಬಂದ ನನ್ನ ತಮ್ಮ ವಿದೇಶಿ ಅಲ್ಲ. ಇದು ನನ್ನ ತಲೆಗೆ ಹತ್ತಲೇ ಇಲ್ಲ. ಆ ಕಾಲದ ನಮ್ಮ ಕಡೆಯ ಸ್ಥಿತಿ ಗೊತ್ತಿದ್ದವರಿಗೆ ಅರ್ಥ ಆದೀತು. ಗಲ್ಫಿನಿಂದ ಯಾರಾದರೂ ಬಂದರೆ ಫಾರಿನ್ ಸಾಬೂನು, ಫಾರಿನ್ ವಾಚು, ಫಾರಿನ್ ಲುಂಗಿ. ಫಾರಿನ್ ಎಂದರೆ ಮೇಲು, ಇಲ್ಲಿಯದು ಎಂದರೆ ಕೀಳು. ನನ್ನ ತಮ್ಮನಿಗೆ ಮಾತ್ರ ಯಾಕೆ ಮೇಲಿನದ್ದು ಇಲ್ಲ ಎಂಬುದು ನನ್ನ ಒಳಗೆ ಕೂತುಬಿಟ್ಟಿತು.

ಸಂದರ್ಶನದ ದಿನ ಆಸ್ಪತ್ರೆಯ ಹಾಲಿನಲ್ಲಿ ಸಾಲು ಮಾಡಿದ್ದರು. ಮೊದಲ ಮೂರು ಸಾಲಿಗೆ ಮರದ ಬೆಂಚು. ನಾಲ್ಕನೇ ಸಾಲಿಗೆ ದೊಡ್ಡ ಡಾಕ್ಟ್ರ ಕೋಣೆಯ ಮೆತ್ತೆ ಕುರ್ಚಿ, ಅದೂ ಫ್ಯಾನಿನ ಕೆಳಗೆ. ಅತಿಥಿಗಳಲ್ಲವಾ ಎಂದು ಯಾರೋ ಹೇಳಿದ್ದರು. ಆ ಕುರ್ಚಿಗಳನ್ನು ಹೊತ್ತು ತಂದವನು ನಾನೇ. ಮೂರನೇ ಸಾಲಿನ ಬೆಂಚು ಕಿಟಕಿಯ ಹತ್ತಿರ, ಬಿಸಿಲು ನೇರ ಮುಖಕ್ಕೆ. ಅಲ್ಲಿ ವಸಂತ ಕೂತಿದ್ದ. ಅವನ ಹತ್ತಿರ ಇದ್ದದ್ದು ಒಂದೇ ಕೋಟು, ರಷ್ಯಾದ ಉಣ್ಣೆಯ ಕೋಟು. ಸಂದರ್ಶನಕ್ಕೆ ಕೋಟು ಹಾಕಲೇಬೇಕು ಎಂದು ಹಠ ಹಿಡಿದವನೂ ನಾನೇ. ಏಪ್ರಿಲ್ ತಿಂಗಳ ಪುತ್ತೂರಿನಲ್ಲಿ ಉಣ್ಣೆಯ ಕೋಟು! ಅವನ ಗಲ್ಲದಿಂದ ಬೆವರು ತೊಟ್ಟಿಕ್ಕಿ ಟೈ ಒದ್ದೆಯಾಗಿತ್ತು. ಈಚೆ ಮೆತ್ತೆ ಕುರ್ಚಿಯಲ್ಲಿ ಕೂತವರಿಗೆ ನರ್ಸ್ ಚಹಾ ಕೊಡುತ್ತಿದ್ದಳು. ಒಂದು ಕುರ್ಚಿ ಖಾಲಿ ಇತ್ತು.

ನಾನು ಅವನ ಹತ್ತಿರ ಹೋದೆ. "ಅಲ್ಲಿ ಹೋಗಿ ಕೂತ್ಕೊ."

"ಅದು ಬೇರೆಯವರದ್ದಲ್ವಾ ಅಣ್ಣ?"

"ನಿನ್ನದೂ ಫಾರಿನೇ ಅಲ್ವಾ? ನಾನು ಇಲ್ಲಿಯವ, ನನಗೆ ಗೊತ್ತುಂಟು. ಹೋಗು."

ಅವನು ಎದ್ದು ಹೋದ. ಅಷ್ಟಕ್ಕೇ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಹೆಸರು ಕರೆದಾಗ ಎದ್ದು ಬರುತ್ತಿದ್ದ. ಆದರೆ ದೇಜಪ್ಪಣ್ಣ ನನ್ನ ಕೈಯಲ್ಲಿ ಫೈಲುಗಳ ಕಟ್ಟು ಕೊಟ್ಟು, ಯಾವುದು ಯಾವ ಮೇಜಿಗೆ ಎಂದು ಹೇಳಿ ಕಳಿಸಿದ್ದರು. ವಸಂತನ ಫೈಲು ನನಗೆ ಗೊತ್ತಿತ್ತು, ಮೇಲಿನ ಫೋಟೋದಲ್ಲೂ ಅದೇ ಕೋಟು. ಮೂರನೇ ಮೇಜಿಗೆ ಕೊಡುವ ಬದಲು ಅದನ್ನು ನಾಲ್ಕನೇ ಮೇಜಿನಲ್ಲಿ ಇಟ್ಟೆ. ಕೂತದ್ದು ಒಂದು ಕಡೆ, ಫೈಲು ಇನ್ನೊಂದು ಕಡೆ ಆಗಬಾರದಲ್ಲ ಎಂದು. ನಿಜ ಹೇಳುವುದಾದರೆ ಒಳ್ಳೆಯ ಕೆಲಸ ಮಾಡಿದೆ ಎಂದು ಬೀಗುತ್ತಾ ಹೊರಗೆ ಬಂದು ಜೀಪು ಒರೆಸುತ್ತಾ ನಿಂತೆ.

ಮೂರನೇ ಮೇಜಿನಲ್ಲಿ ಇದ್ದದ್ದು ಒಂದೇ ಫೈಲು. ಆ ಹುಡುಗನನ್ನು ಕರೆದರು, ಮಾತಾಡಿಸಿದರು, ಸೀಟು ಕೊಟ್ಟರು, ಎದ್ದರು. ನಾಲ್ಕನೇ ಮೇಜಿನ ಡಾಕ್ಟ್ರು ಕೊನೆಗೆ ವಸಂತನ ಫೈಲು ಬಿಡಿಸಿ, "ನೀವು ಸುಳ್ಯದವರಲ್ವಾ! ಇಲ್ಲಿ ಎಂತ ಮಾಡ್ತಿದ್ದೀರಿ?" ಎಂದು ಕೇಳಿದರು. ಅಷ್ಟು ಹೊತ್ತಿಗೆ ಎಲ್ಲ ಮುಗಿದಿತ್ತು. ವಸಂತನ ಒಂದು ವರ್ಷ ಹೋಯಿತು.

ಫೈಲು ತಪ್ಪು ಮೇಜಿಗೆ ಹೋದದ್ದು ಯಾರಿಂದ? ಹಂಚುವ ಜವಾಬ್ದಾರಿ ದೇಜಪ್ಪಣ್ಣನದ್ದು. ಅವರು ನನ್ನನ್ನು ಕರೆದು, "ನಾನು ನಿನಗೆ ಮೂರನೇ ಮೇಜು ಅಂತ ಹೇಳಿದ್ದೆ ಅಲ್ವಾ?" ಎಂದು ಕೇಳಿದರು. ನಾನು, "ನೀವು ಹೇಳಿದ ಹಾಗೇ ಇಟ್ಟೆ ದೇಜಪ್ಪಣ್ಣ" ಎಂದೆ. ಅವರು ತಮ್ಮ ಕಿವಿಯ ಪೆನ್ಸಿಲ್ ತೆಗೆದು ನೋಡಿದರು, ತಪ್ಪು ಅದರಲ್ಲಿ ಉಂಟೋ ಎಂಬ ಹಾಗೆ. "ಹಾಗಾದ್ರೆ ನಾನೇ ತಪ್ಪಿ ಹೇಳಿದೆನೋ ಏನೋ" ಎಂದರು.

ವಸಂತ ಕೋಪದಲ್ಲಿ ದೂರು ಬರೆದ. ಟ್ರಸ್ಟಿನ ಅಧ್ಯಕ್ಷರು ಸುಳ್ಯದಲ್ಲಿದ್ದರು. ವಿಚಾರಣೆಗೆ ಅವರನ್ನು ಪುತ್ತೂರಿಗೆ ಕರೆತರಲು ಹೋಗಬೇಕಾದವನು ಯಾರು? ಗಾಡಿ ಒಂದೇ, ಡ್ರೈವರ್ ಒಬ್ಬನೇ. ನಾನು ಮಾಡಿದ ತಪ್ಪಿನ ವಿಚಾರಣೆಗೆ ನ್ಯಾಯ ಹೇಳುವವರನ್ನು ನಾನೇ ಸಾಗಿಸಿದೆ. ಅಷ್ಟು ಮೆಲ್ಲ ನಾನು ಯಾವತ್ತೂ ಜೀಪು ಓಡಿಸಿದ್ದಿಲ್ಲ. ಅಧ್ಯಕ್ಷರು ಒಳ್ಳೆಯ ಮನುಷ್ಯ, ಎದುರಿನ ಸೀಟಿನಲ್ಲಿ ಕೂತು ಎಲೆ ಅಡಿಕೆ ಜಗಿಯುತ್ತಿದ್ದರು.

"ನಿನ್ನ ತಮ್ಮನಿಗೆ ಅನ್ಯಾಯ ಆಯ್ತಲ್ಲ ಮಾರಾಯ. ಈ ದೇಜಪ್ಪ ಮನುಷ್ಯ ಹೇಗೆ?"

ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಬೇರೆ ಇರಲಿಲ್ಲ. ಜೀಪಿನಲ್ಲಿ ನಾವು ಇಬ್ಬರೇ. ಆದರೆ ಹೇಳಿದರೆ ಕೆಲಸ ಹೋಗುತ್ತದೆ ಎಂಬ ಹೆದರಿಕೆ. ಅದಕ್ಕಿಂತ ದೊಡ್ಡ ಹೆದರಿಕೆ, ತಮ್ಮ ನನ್ನ ಮುಖ ನೋಡಲಾರ ಎಂಬುದು. ಗೇರ್ ಬದಲಿಸುತ್ತಾ ನಾನು ಹೇಳಿದೆ:

"ಮನುಷ್ಯ ಒಳ್ಳೆಯವರು ಸ್ವಾಮಿ. ಆದರೆ ಸ್ವಲ್ಪ ಮರೆವು."

ಅಷ್ಟೇ. ಒಂದೇ ಮಾತು. ಅಧ್ಯಕ್ಷರು "ಹಾಂ" ಎಂದರು. ವಿಚಾರಣೆ ಚಹಾ ಕುಡಿಯುವಷ್ಟರಲ್ಲಿ ಮುಗಿಯಿತು. ಟ್ರಸ್ಟಿಗೆ ಘಟ್ಟದ ಮೇಲೆ ಇನ್ನೊಂದು ಆಸ್ಪತ್ರೆ ಇತ್ತು, ದೇಜಪ್ಪಣ್ಣನನ್ನು ಅಲ್ಲಿಗೆ ವರ್ಗ ಮಾಡಿದರು. ಹೆಂಡತಿ, ಮಕ್ಕಳು, ಪಾತ್ರೆ, ಹಾಸಿಗೆ ಎಲ್ಲವನ್ನೂ ಬಸ್ ನಿಲ್ದಾಣಕ್ಕೆ ಮುಟ್ಟಿಸಿದ್ದೂ ನನ್ನ ಜೀಪೇ. ಅವರ ಹೆಂಡತಿ ಸುಂದರಿ ಅಕ್ಕ ದಾರಿಯುದ್ದಕ್ಕೂ ಗಂಡನಿಗೆ ಬೈದರು. ದೇಜಪ್ಪಣ್ಣ ಇಳಿಯುವಾಗ ನನ್ನ ಹೆಗಲು ತಟ್ಟಿ, "ಅಲ್ಲಿ ಸೆಕೆ ಇಲ್ಲ ಅಂತೆ ಮಾರಾಯ, ಬಚಾವ್" ಎಂದರು.

ವಸಂತ ಆ ವರ್ಷ ನನ್ನ ಜೊತೆ ಜೀಪಿನಲ್ಲೇ ತಿರುಗಿದ. ಮದ್ದು ಬರೆಯುವ ಹಾಗಿಲ್ಲ, ಹಾಗಾಗಿ ಕಡಬದ ಕ್ಲಿನಿಕ್ಕಿನಲ್ಲಿ ರೋಗಿಗಳ ಸರದಿಯ ಚೀಟಿ ಬರೆದ, ಮಕ್ಕಳ ತೂಕ ನೋಡಿದ, ನನ್ನ ಸ್ಟವ್ ಪಂಪ್ ಮಾಡಿದ. ಜನರು ಅವನಿಗೆ "ರಷ್ಯಾ ಡಾಕ್ಟ್ರು" ಎಂದು ಹೆಸರಿಟ್ಟರು. ಒಬ್ಬ ಅಜ್ಜಿ ನನ್ನ ಕಿವಿಯಲ್ಲಿ, "ಪಾಪ, ಓದು ತಲೆಗೆ ಹತ್ತದೆ ಇಲ್ಲಿ ಚೀಟಿ ಬರೆಯಲಿಕ್ಕೆ ಹಾಕಿದ್ದಾ?" ಎಂದು ಕೇಳಿದರು. ಅವನಿಗೂ ಕೇಳಿಸಿತು. ಅವನು ನಕ್ಕ, ನನಗೆ ನಗಲು ಆಗಲಿಲ್ಲ. ಮರುವರ್ಷ ಮೂರನೇ ಸಾಲಿನಲ್ಲೇ ಕೂತು, ಕೋಟು ಹಾಕದೆ, ಸೀಟು ಪಡೆದ. ಆಮೇಲೆ ಸುಳ್ಯದಲ್ಲೇ ಕ್ಲಿನಿಕ್ ಇಟ್ಟ. ಈಗಲೂ ಬೆಳಿಗ್ಗೆ ಹೊತ್ತು ಕೂರುತ್ತಾನೆ. ಯಾವ ರೋಗಿಯನ್ನೂ ಬೆಂಚಿನಲ್ಲಿ ಜಾಸ್ತಿ ಹೊತ್ತು ಕಾಯಿಸುವುದಿಲ್ಲ ಎಂದು ಅವನಿಗೆ ಹೆಸರು. ದೇಜಪ್ಪಣ್ಣ ಕೆಲವು ವರ್ಷ ಘಟ್ಟದ ಮೇಲೆ ಇದ್ದು, ರಾಗಿಮುದ್ದೆ ನುಂಗಲು ಕಲಿತು, ನಿವೃತ್ತಿಯಾಗಿ ಪೆರಾಬೆಗೆ ಬಂದು ನೆಲೆಸಿದರು.

ಇಲ್ಲಿಯವರೆಗೆ ಬರೆದದ್ದನ್ನು ನಾನು ಮೊದಲು ವಸಂತನಿಗೆ ಕೊಟ್ಟೆ. ಬಾಯಿಯಿಂದ ಹೇಳಲು ಇಷ್ಟು ವರ್ಷ ಆಗದೆ ಇದ್ದದ್ದನ್ನು ಕಾಗದದಲ್ಲಿ ಓದಲಿ ಎಂದು. ಅವನು ಕ್ಲಿನಿಕ್ಕಿನ ಬಾಗಿಲು ಹಾಕಿ ಓದಿದ. ನಾನು ಎದುರು ರೋಗಿಯ ಸ್ಟೂಲಿನಲ್ಲಿ ಕೂತಿದ್ದೆ. ಓದಿ ಮುಗಿಸಿ ಕನ್ನಡಕ ಕೆಳಗಿಟ್ಟ.

"ಅಣ್ಣ, ಸ್ವಲ್ಪ ಕಡಿಮೆ ಬರೆದಿದ್ದಿ."

"ಎಂತ ಕಡಿಮೆ?"

"ದೇಜಪ್ಪಣ್ಣ ನನಗೂ ಮೊದಲೇ ಹೇಳಿದ್ದರು, ಮೂರನೇ ಸಾಲು, ಅಲ್ಲಿಂದ ಏಳಬೇಡಿ ಅಂತ. ನೀನು ಕರೆದಾಗ ಆಗುದಿಲ್ಲ ಅಂತ ಹೇಳಬಹುದಿತ್ತು. ಆ ಕುರ್ಚಿಯಲ್ಲಿ ಕೂತೆನಾ, ಆ ನರ್ಸ್ ಬಂದು 'ಸರ್, ಚಹಾ' ಅಂದಳು. ಊರಿಗೆ ಬಂದ ಮೇಲೆ ಎಷ್ಟು ಆಫೀಸು ಹತ್ತಿ ಇಳಿದೆ, ಎಲ್ಲ ಕಡೆ ಆಚೆ ಹೋಗು, ಈಚೆ ಹೋಗು. ನನಗೆ ಸರ್ ಅಂದವಳು ಅವಳೇ ಮೊದಲು. ಮತ್ತೆ ಏಳಲಿಕ್ಕೆ ಮನಸ್ಸೇ ಆಗಲಿಲ್ಲ." ಅವನು ನನ್ನ ಕಾಗದಗಳನ್ನು ಮಡಚಿಟ್ಟ. "ಪಕ್ಕದ ಮೇಜಿನಲ್ಲಿ ಆ ಇನ್ನೊಬ್ಬ ಹುಡುಗನನ್ನು ಕರೆಯುದು ನನಗೆ ಕೇಳಿಸಿತ್ತು. ಆಗ ಎದ್ದು ಕೇಳಿದ್ದರೂ ಆಗ್ತಿತ್ತು. ಕೇಳಲಿಲ್ಲ. ಆಮೇಲೆ ಆ ಬಡಪಾಯಿಯ ಮೇಲೆ ದೂರು ಬರೆದೆ."

"ಹಾಗಾದ್ರೆ ಫೈಲು ಇಟ್ಟದ್ದು ನಾನು ಅಂತ?"

"ಅದು ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ನಿನಗೆ ಎರಡು ಬಾರಿಸ್ತಿದ್ದೆ. ಈಗ ನಿನಗೆ ಬಿಪಿ ಉಂಟು, ಬಾರಿಸುವ ಹಾಗಿಲ್ಲ. ಏಳು, ಪೆರಾಬೆಗೆ ಹೋಗುವ."

ಅವನ ಕಾರು, ಅವನೇ ಓಡಿಸಿದ. ನನಗೆ ಓಡಿಸಲು ಕೊಡಲಿಲ್ಲ. "ನೀನು ಇವತ್ತು ಮೆಲ್ಲ ಹೋಗ್ತಿ" ಎಂದ.

ದೇಜಪ್ಪಣ್ಣ ಜಗಲಿಯಲ್ಲಿ ಕೂತಿದ್ದರು. ತುಂಬಾ ಸೊರಗಿದ್ದಾರೆ, ಆದರೆ ಗುರುತು ಹಿಡಿದರು. "ಡಾಕ್ಟ್ರು ಡ್ರೈವರ್, ಡ್ರೈವರ್ ಪೇಷೆಂಟು. ಎಂತ ಕಾಲ ಬಂತು ಮಾರಾಯ್ರೆ!" ಎಂದು ನಕ್ಕರು. ಕೂತ ಮೇಲೆ ನಾನು ಹೇಳಿದೆ. ಫೈಲಿನದ್ದು ಹೇಳಿದೆ, ಜೀಪಿನಲ್ಲಿ ಆಡಿದ ಒಂದು ಮಾತಿನದ್ದೂ ಹೇಳಿದೆ. ನನ್ನದು ಮುಗಿದ ಮೇಲೆ ವಸಂತ ತನ್ನದು ಹೇಳಿದ. ದೇಜಪ್ಪಣ್ಣನ ನಗು ನಿಂತಿತು. ಅಂಗಳದಲ್ಲಿ ಒಣಗಲು ಹಾಕಿದ ಹಪ್ಪಳವನ್ನು ಕೋಳಿಯೊಂದು ಕುಕ್ಕುತ್ತಿತ್ತು, ಅದನ್ನು ಓಡಿಸಲೂ ಇಲ್ಲ.

"ನಾನು ತಪ್ಪಿ ಹೇಳಿಲ್ಲ ಹಾಗಾದ್ರೆ," ಎಂದರು ಕೊನೆಗೆ. "ಇಷ್ಟು ವರ್ಷ ನಾನೇ ತಪ್ಪಿ ಹೇಳಿದ್ದು ಅಂತ ಗ್ರಹಿಸಿದ್ದೆ. ಯಾವ ಕೆಲಸ ಮಾಡಿದರೂ ಎರಡೆರಡು ಸಲ ನೋಡುದು. ಬಾಗಿಲು ಹಾಕಿದೆನಾ, ದೀಪ ಆರಿಸಿದೆನಾ ಅಂತ."

ನಾನು ಕೈ ಮುಗಿದೆ. ಅವರು ನನ್ನ ಕೈ ನೋಡಲಿಲ್ಲ.

"ನನಗೆ ಹೇಳಿ ಎಂತ ಪ್ರಯೋಜನ ಪದ್ಮಯ್ಯ? ಒಳಗೆ ಬನ್ನಿ ಇಬ್ಬರೂ. ಅವಳಿಗೆ ಹೇಳಿ."

ಸುಂದರಿ ಅಕ್ಕ ಅಡಿಗೆಮನೆಯಲ್ಲಿ ಮೀನು ತೊಳೆಯುತ್ತಿದ್ದರು. ಕೊಡೆ ಮರೆತು ಬಂದರೆ "ಫೈಲು ಕಳೆದವರು", ಉಪ್ಪು ತರಲು ಮರೆತರೆ "ಫೈಲು ಕಳೆದವರು", ಹೀಗೇ ಗಂಡನನ್ನು ಕರೆಯುತ್ತಾ ಬಂದವರಂತೆ. ನಾನು ಮತ್ತೊಮ್ಮೆ ಮೊದಲಿನಿಂದ ಹೇಳಿದೆ. ಎರಡನೇ ಸಲ ಹೇಳುವುದು ಸುಲಭ ಎಂದುಕೊಂಡಿದ್ದೆ. ಸುಲಭ ಆಗಲಿಲ್ಲ. ಅವರು ಕೈ ತೊಳೆದು, ಸೆರಗಿನಲ್ಲಿ ಒರೆಸಿ, ಗಂಡನ ಮುಖ ನೋಡಿದರು, ನಮ್ಮ ಮುಖ ನೋಡಿದರು.

"ಇಷ್ಟು ವರ್ಷ ಇವರಿಗೆ ಬೈದದ್ದನ್ನೆಲ್ಲ ಇನ್ನು ನಾನು ಎಲ್ಲಿ ಕೊಂಡೋಗಿ ಹಾಕುದು?"

"ನನಗೆ ಹಾಕಿ ಅಕ್ಕ" ಎಂದೆ.

ಹಾಕಿದರು. ಕನ್ನಡದಲ್ಲಿ ಶುರುಮಾಡಿ, ಅದು ಸಾಲದೆ ತುಳುವಿಗೆ ಇಳಿದರು. ಡಾಕ್ಟ್ರು ಎಂದು ವಸಂತನನ್ನೂ ಬಿಡಲಿಲ್ಲ. ಒಲೆಯ ಮೇಲಿನ ನೀರು ಕುದಿದು ಕುದಿದು ತಳ ಸೇರಿತು. ನಾವಿಬ್ಬರೂ ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದೆವು. ದೇಜಪ್ಪಣ್ಣ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಯಕ್ಷಗಾನದ ಪದ ಕೇಳುವವರ ಹಾಗೆ ಕೇಳುತ್ತಿದ್ದರು. ಸುಂದರಿ ಅಕ್ಕ ಉಸಿರು ತೆಗೆದುಕೊಳ್ಳಲು ನಿಂತಾಗ ಅವರು ಕಣ್ಣು ತೆರೆದು ಮೆಲ್ಲನೆ ಹೇಳಿದರು:

"ವರ್ಗ ಆದಾಗ ಮಕ್ಕಳ ಶಾಲೆ ನಡುವಿನಲ್ಲಿ ಬಿಡಿಸಿದ್ದು ಉಂಟಲ್ಲ, ಅದು ನೀನು ಹೇಳಿಲ್ಲ."